ಸರ್ಕಾರಿ ಆಡಿಟರ್ ಆಗಲು ಹೊರಟ ಗೆಳೆಯನಿಗೆ

ಪ್ರೀತಿಯ ಮಂಜ,

ನಿನ್ನ ಮೆಸೇಜು ಓದಿದೆ. "ಟ್ಯಾಲಿಯಲ್ಲಿ ಎಂಟ್ರಿ ಹೊಡೆದದ್ದು ಸಾಕಾಯ್ತು, ಸರ್ಕಾರಿ ಆಡಿಟರ್ ಆಗಬೇಕು, ಅದಕ್ಕೆ ಸಿಎ ಮಾಡಲೇಬೇಕಾ?" ಅಂತ ಕೇಳಿದ್ದೀಯ, ಇಲ್ಲದಿದ್ದರೆ ಫೈನಾನ್ಷಿಯಲ್ ಅನಲಿಸ್ಟ್ ಆಗುತ್ತೇನೆ ಅಂತಲೂ ಅಂದಿದ್ದೀಯ. ಸಿಎ ಬೇಡ ಕಣೋ. ಇದೇ ಪ್ರಶ್ನೆಯನ್ನು ಇನ್ನೂ ಹತ್ತಾರು ಹುಡುಗರು ಕೇಳುತ್ತಿರುತ್ತಾರೆ, ಅದಕ್ಕೇ ಉತ್ತರವನ್ನು ನಿನಗೊಬ್ಬನಿಗೇ ಕಳಿಸದೆ ಇಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಿಎಜಿ (ಮಹಾಲೇಖಪಾಲರ) ಇಲಾಖೆಗೆ ಸೇರುವ ಮುಖ್ಯ ದಾರಿ, ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ. ಅದರಲ್ಲಿ ನೀನು ನೋಡಬೇಕಾದ ಹುದ್ದೆ ಎರಡು. ಒಂದು, ಸಹಾಯಕ ಆಡಿಟ್ ಅಧಿಕಾರಿ, ಎಲ್ಲರ ಬಾಯಲ್ಲಿ ಎಎಒ. ಗ್ರೂಪ್ ಬಿ ಗೆಜೆಟೆಡ್, ವೇತನ ಲೆವೆಲ್ 8, ಮೂಲ ವೇತನ ಶುರುವಾಗುವುದೇ 47,600 ರೂಪಾಯಿಯಿಂದ. ಇನ್ನೊಂದು ಆಡಿಟರ್, ಗ್ರೂಪ್ ಸಿ, ಲೆವೆಲ್ 5, ಮೂಲ ವೇತನ 29,200. ಎರಡಕ್ಕೂ ಯಾವುದೇ ಪದವಿ ಸಾಕು. ಸಿಎ, ಎಂ.ಕಾಂ., ಎಂಬಿಎ ಫೈನಾನ್ಸ್ ಇವೆಲ್ಲ ಎಎಒಗೆ 'ಅಪೇಕ್ಷಣೀಯ' ಅಂತ ಇದೆಯೇ ಹೊರತು ಕಡ್ಡಾಯವಲ್ಲ. ಕನ್ನಡ ಸಾಹಿತ್ಯದಲ್ಲಿ ಬಿ.ಎ. ಮಾಡಿದವನೂ ಬರಬಹುದು, ಬಂದವರೂ ಇದ್ದಾರೆ. ನಿನಗೆ ಗಡಿಬಿಡಿ ಇರುವುದು ವಯಸ್ಸಿನದು. ಸಾಮಾನ್ಯ ವರ್ಗಕ್ಕೆ ಎಎಒಗೆ 30, ಆಡಿಟರ್‌ಗೆ 27. ಒಬಿಸಿಗೆ 3 ವರ್ಷ, ಎಸ್‌ಸಿ-ಎಸ್‌ಟಿಗೆ 5 ವರ್ಷ ಸಡಿಲಿಕೆ. ವಯಸ್ಸು ಲೆಕ್ಕ ಹಾಕುವುದು ಅರ್ಜಿ ಹಾಕುವ ದಿನಕ್ಕಲ್ಲ, ಅಧಿಸೂಚನೆಯಲ್ಲಿ ಕೊಟ್ಟ ತಾರೀಖಿಗೆ. ಜಾತಿ ಪ್ರಮಾಣಪತ್ರವೂ ಅಷ್ಟೇ, ಕೇಂದ್ರದ ನಮೂನೆಯಲ್ಲೇ ಬೇಕು. ರಾಜ್ಯದ್ದು ಕೈಯಲ್ಲಿದೆ ಅಂತ ಸುಮ್ಮನೆ ಕೂತರೆ ದಾಖಲೆ ಪರಿಶೀಲನೆಯ ಹೊತ್ತಿಗೆ ತಹಸೀಲ್ದಾರ್ ಕಚೇರಿಗೆ ಓಡಬೇಕಾಗುತ್ತದೆ.

ಪರೀಕ್ಷೆಯ ವಿಷಯಕ್ಕೆ ಬಂದರೆ ನಿನಗೆ ನಗು ಬರಬಹುದು. ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ: ರೀಸನಿಂಗ್, ಸಾಮಾನ್ಯ ಜ್ಞಾನ, ಗಣಿತ, ಇಂಗ್ಲಿಷ್. ಒಂದು ತಪ್ಪಿಗೆ ಅರ್ಧ ಅಂಕ ಖೋತಾ. ಅದು ಬರೀ ಅರ್ಹತೆಗೆ. ರ‍್ಯಾಂಕು ತೀರ್ಮಾನವಾಗುವುದು ಎರಡನೇ ಹಂತದಲ್ಲಿ, ಅಲ್ಲೂ ಹೆಚ್ಚುಕಡಿಮೆ ಇವೇ ವಿಷಯಗಳು, ಜೊತೆಗೆ ಕಂಪ್ಯೂಟರ್ ಜ್ಞಾನ ಮತ್ತು ಟೈಪಿಂಗ್. 2022, 2023ರ ಅಧಿಸೂಚನೆಗಳಲ್ಲಿ ಎಎಒ ಬಯಸುವವರಿಗೆ ಹಣಕಾಸು ಮತ್ತು ಅರ್ಥಶಾಸ್ತ್ರದ ಪ್ರತ್ಯೇಕ ಪೇಪರ್ ಇತ್ತು. ನೀನು ಬರೆಯುವ ವರ್ಷದ ಅಧಿಸೂಚನೆಯಲ್ಲಿ ಎಎಒ ಹುದ್ದೆ, ಆ ಪೇಪರ್ ಎರಡೂ ಇವೆಯೋ ಇಲ್ಲವೋ ಮೊದಲು ನೋಡಿಕೋ, ಆಮೇಲೆ ಪುಸ್ತಕ ಕೊಳ್ಳು. ಇಂಟರ್‌ವ್ಯೂ ಇಲ್ಲ. ಅಂದರೆ ಡೆಬಿಟ್-ಕ್ರೆಡಿಟ್ ಗೊತ್ತಿರುವವನಿಗಿಂತ ಶೇಕಡಾವಾರು ಲೆಕ್ಕವನ್ನು ಬಾಯಲ್ಲೇ ಬಿಡಿಸುವವನು ಮುಂದೆ ಹೋಗುತ್ತಾನೆ. ನ್ಯಾಯವೋ ಅನ್ಯಾಯವೋ, ಪರೀಕ್ಷೆ ಇರುವುದೇ ಹಾಗೆ. ಪ್ರಶ್ನೆಪತ್ರಿಕೆ ಇಂಗ್ಲಿಷ್-ಹಿಂದಿಯಲ್ಲಿ ಮಾತ್ರ. ನಿನ್ನ ಗಣಿತ ಚೆನ್ನಾಗಿದೆ, ಇಂಗ್ಲಿಷಿಗೆ ದಿನಾ ಒಂದು ಗಂಟೆ ಇಡು. ಕೋಚಿಂಗಿಗೆ ಅಂತ ಇರುವ ಕೆಲಸ ಬಿಡಬೇಡ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದಕ್ಕಿಂತ ದೊಡ್ಡ ಕೋಚಿಂಗ್ ನನಗಂತೂ ಕಂಡಿಲ್ಲ.

ಹುದ್ದೆಯ ಆದ್ಯತೆ ತುಂಬುವಾಗ ಹುಷಾರು. 'ಆಡಿಟರ್' ಅನ್ನುವ ಹೆಸರು ಸಿಎಜಿಯಲ್ಲೂ ಇದೆ, ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲೂ ಇದೆ. ಎರಡನೆಯದರಲ್ಲಿ ಹೆಚ್ಚಿನ ಕೆಲಸ ಸೇನೆಯ ಬಿಲ್ಲು, ಸಂಬಳ, ಪಿಂಚಣಿಗಳನ್ನು ಪಾವತಿಗೆ ಮುಂಚೆ ತಪಾಸಣೆ ಮಾಡುವುದು. ಅದೂ ಒಳ್ಳೆಯ ಕೆಲಸವೇ, ಆದರೆ ನೀನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಅದಲ್ಲ. ರಾಜ್ಯದಲ್ಲಿರುವ ಸಿಎಜಿಯ ಕಚೇರಿ, ಅಂದರೆ ಎಜಿ ಆಫೀಸಿನಲ್ಲೂ ಎರಡು ಮನೆ: ಆಡಿಟ್ ಬೇರೆ, ಲೆಕ್ಕಪತ್ರ ಮತ್ತು ಹಕ್ಕುದಾರಿ (ಅಕೌಂಟ್ಸ್ ಅಂಡ್ ಎಂಟೈಟಲ್‌ಮೆಂಟ್) ಬೇರೆ. 1984ರಲ್ಲಿ ಇವೆರಡರ ಸಿಬ್ಬಂದಿಯನ್ನು ಬೇರ್ಪಡಿಸಿದರು. ಅದಕ್ಕೇ ಸಿಎಜಿಯಲ್ಲಿ 'ಅಕೌಂಟೆಂಟ್' ಹುದ್ದೆಯೂ ಇದೆ, ಅವರು ರಾಜ್ಯದ ಲೆಕ್ಕ ಕ್ರೋಡೀಕರಿಸುವವರು.

ಇನ್ನು ನೀನು ಕೇಳದೇ ಇದ್ದದ್ದು, ನಾನು ಹೇಳಲೇಬೇಕಾದದ್ದು. ಸಿಜಿಎಲ್ ನಿನ್ನನ್ನು ಒಳಗೆ ಬಿಡುತ್ತದೆ, ಆಡಿಟರ್ ಮಾಡುವುದಿಲ್ಲ. ಎಎಒ ಆಗಿ ಬಂದವನು ಪ್ರೊಬೇಷನ್ ಅವಧಿಯಲ್ಲೇ ಎಸ್‌ಎಎಸ್ ಎಂಬ ಇಲಾಖಾ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ಹಣಕಾಸು ನಿಯಮ, ಸೇವಾ ನಿಯಮ, ಸಂವಿಧಾನ, ಆಡಿಟ್ ಮಾನದಂಡ ಎಲ್ಲ ಅಲ್ಲಿವೆ. ಸಿಜಿಎಲ್ ಗೆದ್ದು ಬಂದ ಚುರುಕಿನ ಹುಡುಗರೂ ಅಲ್ಲಿ ಬೆವರುತ್ತಾರೆ, ಯಾಕೆಂದರೆ ಅದು ವೇಗದ ಆಟವಲ್ಲ. ನಿಯಮ 21 ಅನ್ನುವುದೊಂದಿದೆ, 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ದುಡ್ಡು ಖರ್ಚು ಮಾಡುವಾಗ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟೇ ಎಚ್ಚರ ಸಾರ್ವಜನಿಕ ಹಣಕ್ಕೂ ಇರಬೇಕು ಅಂತ ಅದು ಹೇಳುತ್ತದೆ. ಕೇಳುವುದಕ್ಕೆ ಸಲೀಸು. ಒಂದು ಕಡತ ಎದುರಿಗಿಟ್ಟುಕೊಂಡು 'ಇಲ್ಲಿ ಆ ಎಚ್ಚರ ಎಲ್ಲಿ ತಪ್ಪಿದೆ' ಅಂತ ತೋರಿಸುವುದು ಸಲೀಸಲ್ಲ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಒಂದು ಎಂಜಿನಿಯರಿಂಗ್ ವಿಭಾಗಕ್ಕೆ ಹೋಗಿದ್ದೀಯ ಅಂದುಕೋ. ವೋಚರ್ ಕಟ್ಟು ಬಿಚ್ಚಿದ್ದೀಯ. ಒಂದೇ ಹಳ್ಳಿಯ ರಸ್ತೆ. ಮೊದಲ ಬಿಲ್ಲಿನಲ್ಲಿ 0ರಿಂದ 200 ಮೀಟರ್, ಎರಡನೆಯದರಲ್ಲಿ 200ರಿಂದ 400, ಮೂರನೆಯದರಲ್ಲಿ 400ರಿಂದ 600. ಮೂರೂ ಟೆಂಡರ್ ಕರೆಯಬೇಕಾದ ಮಿತಿಗಿಂತ ಚೂರೇ ಕೆಳಗೆ. ಮೂರಕ್ಕೂ ಒಬ್ಬನೇ ಗುತ್ತಿಗೆದಾರ, ಕಾರ್ಯಾದೇಶವೂ ಒಂದೇ ದಿನದ್ದು. ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ಒಡೆದ ತುಂಡು ಗುತ್ತಿಗೆ ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ 'ಅಕ್ರಮ ನಡೆದಿದೆ' ಅಂತ ಬರೆದರೆ ನಿನ್ನ ಮೇಲಧಿಕಾರಿಯೇ ಹೊಡೆದುಹಾಕುತ್ತಾರೆ. ಅಂದಾಜುಪಟ್ಟಿಯ ಪ್ರತಿ, ಮೂರೂ ಕಾರ್ಯಾದೇಶ, ಅಳತೆ ಪುಸ್ತಕದ ಪುಟಸಂಖ್ಯೆ, ರಾಜ್ಯದ ಸರ್ಕಾರಿ ಖರೀದಿ, ಟೆಂಡರುಗಳಿಗೆ ಇರುವ 1999ರ ಕೆಟಿಪಿಪಿ ಕಾಯ್ದೆಯ ಯಾವ ಕಲಂ ಮೀರಿದೆ, ಟೆಂಡರ್ ಕರೆದಿದ್ದರೆ ಸಿಗಬಹುದಾಗಿದ್ದ ಪೈಪೋಟಿಯ ದರ ಹೇಗೆ ಕೈತಪ್ಪಿತು, ಇಷ್ಟೂ ಬೇಕು. ಅಷ್ಟಾದ ಮೇಲೆ ಎಂಜಿನಿಯರ್ ಒಂದು ಸಾಲಿನ ಉತ್ತರ ಕೊಡುತ್ತಾರೆ: "ಗ್ರಾಮಸ್ಥರ ಒತ್ತಾಯದ ಮೇರೆಗೆ ತುರ್ತಾಗಿ ಕೈಗೊಳ್ಳಲಾಗಿದೆ." ತುರ್ತಾಗಿದ್ದರೆ ಕೆಲಸ ಮುಗಿಯಲು ಎಂಟು ತಿಂಗಳು ಯಾಕೆ ಬೇಕಾಯ್ತು ಅನ್ನುವುದನ್ನು ಅವರದೇ ಅಳತೆ ಪುಸ್ತಕದ ತಾರೀಖಿನಿಂದ ತೋರಿಸಬೇಕು. ಆಗ ನಿನ್ನ ಪ್ಯಾರಾ, ಅಂದರೆ ನೀನು ಬರೆದ ಆಕ್ಷೇಪಣೆ, ನಿಲ್ಲುತ್ತದೆ. ನನಗೆ ಈ ಕೆಲಸದಲ್ಲಿ ಖುಷಿ ಕೊಡುವುದು ಇದೊಂದೇ, ಉಳಿದದ್ದೆಲ್ಲ ಸಂಬಳಕ್ಕೆ.

ನಿಂತ ಪ್ಯಾರಾ ತಪಾಸಣಾ ವರದಿಗೆ ಹೋಗುತ್ತದೆ. ದೊಡ್ಡದಾಗಿದ್ದರೆ ಸಿಎಜಿ ವರದಿಗೇ ಏರುತ್ತದೆ, ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ವಿಧಾನಮಂಡಲದಲ್ಲಿ ಮಂಡನೆಯಾಗುತ್ತದೆ, ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಬಹುಪಾಲು ಪ್ಯಾರಾಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಆಕ್ಷೇಪಣೆಗೆ ಏನು ಕ್ರಮ ತೆಗೆದುಕೊಂಡೆವು ಅಂತ ಇಲಾಖೆಯ ಅನುಪಾಲನಾ ವರದಿ ಬರುತ್ತದೆ, ವಸೂಲಿಯಾದರೆ ಪ್ಯಾರಾ ಡ್ರಾಪ್. ನಿನಗೆ ಆರೋಪಿಯನ್ನು ಹಿಡಿಯುವ ಅಧಿಕಾರವಿಲ್ಲ, ಶಿಕ್ಷಿಸುವ ಅಧಿಕಾರ ಮೊದಲೇ ಇಲ್ಲ. ಸಿನಿಮಾದ ರೇಡ್ ನೋಡಿ ಬರುವವರು ಆರೇ ತಿಂಗಳಲ್ಲಿ ಸಪ್ಪಗಾಗುತ್ತಾರೆ.

ಟೂರಿನ ವಿಷಯ ಮನೆಯಲ್ಲಿ ಈಗಲೇ ಮಾತಾಡು. ಕಚೇರಿಗಳಿಗೆ ಹೋಗಿ ತಪಾಸಣೆ ಮಾಡುವ ಫೀಲ್ಡ್ ಪಾರ್ಟಿಗೆ ಹಾಕಿದರೆ ವರ್ಷದ ಬಹುಪಾಲು ಒಂದಲ್ಲ ಒಂದು ಜಿಲ್ಲೆಯಲ್ಲಿರುತ್ತೀಯ. ಭತ್ಯೆ ಬರುತ್ತದೆ, ಸರಿ. ಆದರೆ ಎದುರಿಗೆ ಕೂತವರು ಬೇಕೆಂದೇ ಕಡತ ತಡಮಾಡಿ ಕೊಡುತ್ತಾರೆ, ಕೊನೆಯ ದಿನ ಮಧ್ಯಾಹ್ನ ಇಡೀ ರಾಶಿ ತಂದು ಸುರಿಯುತ್ತಾರೆ. ಬಾಯಿಮಾತಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಮೊದಲ ದಿನವೇ ಬೇಕಾದ ದಾಖಲೆಗಳ ಬೇಡಿಕೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುವವನೇ ಜಾಣ.

ಮನೆ ಬಿಟ್ಟು ದೂರ ಹೋಗಲಾರೆ, ಇಂಗ್ಲಿಷಿಗಿಂತ ಕನ್ನಡದಲ್ಲೇ ಬರೆಯಬಲ್ಲೆ ಅನ್ನುವುದಾದರೆ ರಾಜ್ಯದ ದಾರಿ ನೋಡು. ಕರ್ನಾಟಕ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಗ್ರಾಮ ಪಂಚಾಯಿತಿ, ನಗರಸಭೆ, ವಿಶ್ವವಿದ್ಯಾಲಯಗಳ ಲೆಕ್ಕ ನೋಡುತ್ತದೆ, ಸಹಕಾರ ಸಂಘಗಳಿಗೆ ಸಹಕಾರ ಲೆಕ್ಕಪರಿಶೋಧನಾ ಇಲಾಖೆಯೇ ಬೇರೆ ಇದೆ. ನೇಮಕಾತಿ ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಕಡೆಯಿಂದ. ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ ಕನಿಷ್ಠ 50 ಬೇಕು, ಅದು ನಿನಗೆ ಕಷ್ಟವೇನಲ್ಲ. ನಿನ್ನ ಬಿ.ಕಾಂ.ಗೆ ನಿಜವಾದ ಬೆಲೆ ಇರುವುದು ಇಲ್ಲಿ. ಒಂದೇ ತೊಂದರೆ, ಅಧಿಸೂಚನೆ ಪ್ರತಿ ವರ್ಷ ಬರುತ್ತದೆ ಅಂತ ನಂಬುವ ಹಾಗಿಲ್ಲ, ಬಂದ ಮೇಲೂ ಆಯ್ಕೆಪಟ್ಟಿಗೆ ಕಾಯುವ ತಾಳ್ಮೆ ಬೇಕು. ಹಾಗಾಗಿ ಸಿಜಿಎಲ್ ಬರೆಯುತ್ತಾ ಇದಕ್ಕೂ ಕಣ್ಣಿಟ್ಟಿರು. 'ಫೈನಾನ್ಷಿಯಲ್ ಅನಲಿಸ್ಟ್' ಅಂದೆಯಲ್ಲ, ಆ ಆಸೆ ಇದ್ದರೆ ಅದು ಆರ್‌ಬಿಐ, ಷೇರುಪೇಟೆ ನಿಯಂತ್ರಿಸುವ ಸೆಬಿಗಳ ಬಾಗಿಲು. ಅವರ ಪರೀಕ್ಷೆಯ ಧಾಟಿಯೇ ಬೇರೆ, ಇನ್ನೊಮ್ಮೆ ಮಾತಾಡೋಣ. ಸಿಎ ಮಾಡುವ ಹುಚ್ಚು ಇನ್ನೂ ಹೋಗಿಲ್ಲ ಅನ್ನುವುದಾದರೆ ಇದನ್ನೂ ಕೇಳು: ಸರ್ಕಾರಿ ಕಂಪನಿಗಳಿಗೆ ಶಾಸನಬದ್ಧ ಲೆಕ್ಕಪರಿಶೋಧಕರನ್ನು ನೇಮಿಸುವುದು ಸಿಎಜಿಯೇ, ನೇಮಕವಾಗುವವರು ಖಾಸಗಿ ಸಿಎಗಳು. ಸರ್ಕಾರಿ ನೌಕರನಾಗದೆಯೂ ಸರ್ಕಾರದ ದುಡ್ಡಿನ ಲೆಕ್ಕ ನೋಡಬಹುದು.

ಈ ವಾರ ಒಂದು ಕೆಲಸ ಮಾಡು. ಸಿಎಜಿ ವೆಬ್‌ಸೈಟಿನಲ್ಲಿ ಕರ್ನಾಟಕದ ವರದಿಗಳು ಪುಕ್ಕಟೆ ಸಿಗುತ್ತವೆ. ಯಾವುದಾದರೂ ಒಂದು ತೆರೆದು ಮಧ್ಯದ ಒಂದು ಪ್ಯಾರಾ ಓದು, ಇಲಾಖೆ ಕೊಟ್ಟ ಉತ್ತರವನ್ನು ಆಡಿಟ್ ಯಾಕೆ ಒಪ್ಪಲಿಲ್ಲ ಅನ್ನುವ ಕೊನೆಯ ಸಾಲುಗಳನ್ನಂತೂ ಬಿಡಬೇಡ. ಓದುತ್ತಾ ಕುತೂಹಲ ಹುಟ್ಟಿದರೆ ನಿನ್ನ ಜನ್ಮದಿನಾಂಕ, ಪದವಿ ಮುಗಿದ ವರ್ಷ ಕಳಿಸು, ಯಾವ ಹುದ್ದೆಗೆ ಇನ್ನೆಷ್ಟು ಅವಕಾಶ ಉಳಿದಿದೆ ಅಂತ ಕೂತು ಲೆಕ್ಕ ಹಾಕೋಣ. ಆಕಳಿಕೆ ಬಂದರೆ ಅದನ್ನೂ ಹೇಳು, ನಿನ್ನ ಗಣಿತಕ್ಕೆ ಸಿಜಿಎಲ್‌ನಲ್ಲೇ ಬೇರೆ ಹುದ್ದೆಗಳು ಬೇಕಾದಷ್ಟಿವೆ. ಈಗ ಟೂರಿನಲ್ಲಿದ್ದೇನೆ, ರಾತ್ರಿ ಎಂಟರ ಮೇಲೆ ಫೋನ್ ಮಾಡು.

ನಿನ್ನ,
ರವಿ