ಇಳಕಲ್ ಸೀರೆಗಳ ಬೆಲೆ ಮತ್ತು ಅವಧಿಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಇಳಕಲ್, ಬಾಗಲಕೋಟೆ ಜಿಲ್ಲೆ

ಮಾನ್ಯ ಗ್ರಾಹಕರೇ,

ಬರುವ ದೀಪಾವಳಿ ಪಾಡ್ಯದಿಂದ ನಮ್ಮ ಸಂಘದ ಕೈಮಗ್ಗದ ಸೀರೆಗಳ ಬೆಲೆ ಶೇ. 15ರಷ್ಟು ಹೆಚ್ಚಲಿದೆ. ಹೇಳಿ ನೇಯಿಸುವ ಸೀರೆಗಳನ್ನು ಒಂದು ತಿಂಗಳಿಗೆ ಬದಲಾಗಿ ಎರಡು ತಿಂಗಳಲ್ಲಿ ಕೊಡಲಾಗುವುದು. ನೂಲಿನ ದರ ಇದಕ್ಕೆ ಕಾರಣವಲ್ಲ. ಹೆಚ್ಚುವ ಹಣವೆಲ್ಲ, ಮಗ್ಗ ಹೂಡುವ ಮುನ್ನ ನಡೆಯುವ ಕೈಕೆಲಸದ ಮಜೂರಿಗೆ ಸಲ್ಲುತ್ತದೆ.

ಇಳಕಲ್ ಸೀರೆಯ ಒಡಲು ಮತ್ತು ಸೆರಗು ಒಂದೇ ಹಾಸಿನಿಂದ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಒಂದೇ ಎಳೆಸಾಲಿನಿಂದ, ಬರುವುದಿಲ್ಲ. ಒಡಲಿನ ಹತ್ತಿಯ ಹಾಸಿನೊಂದಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಗೆಳೆ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ಸಾಗುತ್ತದೆ. ಕೊಂಡಿ ಹಾಕುವುದೆಂದರೆ ಇದೇ. ಉದ್ದನೆಯ ಹಾಸು ಹೂಡಿ ಸಾಲಾಗಿ ಹಲವು ಸೀರೆ ನೇಯುವ ಅನುಕೂಲ ಇಲ್ಲಿಲ್ಲ. ಪ್ರತಿ ಸೀರೆಗೂ ಈ ಕೆಲಸವನ್ನು ಹೊಸದಾಗಿಯೇ ಮಾಡಬೇಕು. ಕೊಂಡಿ ಹಾಕುವ ತಾಯಂದಿರು ಕೂದಲಿನಷ್ಟು ಸಣ್ಣ ರೇಷ್ಮೆಯ ಎಳೆಯನ್ನು ಬೆರಳ ತುದಿಯ ಸ್ಪರ್ಶದಿಂದಲೇ ಗುರುತಿಸಿ, ಹತ್ತಿಯ ಎಳೆಯ ಕುಣಿಕೆಯೊಳಗೆ ತೂರಿಸಿ, ಹದವಾಗಿ ಬಿಗಿಯುತ್ತಾರೆ. ಸಡಿಲಾದರೆ ಮಗ್ಗದ ಮೇಲೆ ಬಿಚ್ಚಿಕೊಳ್ಳುತ್ತದೆ, ಜಗ್ಗಿದರೆ ಹರಿಯುತ್ತದೆ.

ಇಷ್ಟು ನಾಜೂಕಿನ ಕೆಲಸಕ್ಕೆ ಇದುವರೆಗೆ ಪ್ರತ್ಯೇಕ ಮಜೂರಿ ಇರಲಿಲ್ಲ. ಕಂಡಿಕೆ ಸುತ್ತುವುದು (ನೂಲನ್ನು ಸಣ್ಣ ಕೊಳವೆಗೆ ಸುತ್ತುವುದು), ಕೊಂಡಿ ಹಾಕುವುದು ಮನೆಯ ಹೆಣ್ಣುಮಕ್ಕಳ ಕೆಲಸವೆಂದು, ನೇಕಾರನ ಕೂಲಿಯಲ್ಲೇ ಅದೂ ಸೇರಿದೆ ಎಂದು ಭಾವಿಸುವುದು ರೂಢಿಯಾಗಿತ್ತು. ಈ ರೂಢಿ ನ್ಯಾಯವಾದುದಲ್ಲವೆಂದು ಸಂಘದ ಸಭೆ ತೀರ್ಮಾನಿಸಿದೆ. ಇನ್ನು ಮುಂದೆ ರಸೀದಿಯಲ್ಲಿ ಕೊಂಡಿ ಮಜೂರಿಯನ್ನು ಬೇರೆಯಾಗಿಯೇ ನಮೂದಿಸುತ್ತೇವೆ.

1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸಲಾಗುತ್ತಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇವೆರಡೂ ನಮಗೆ ಹೆಮ್ಮೆಯ ಸಂಗತಿಗಳೇ. ಆದರೆ ವರ್ಷಗಟ್ಟಲೆ ಕಲಿತ ಕಸುಬಿಗಿಂತ ಊರ ಸುತ್ತಲಿನ ಗ್ರಾನೈಟ್ ಕ್ವಾರಿಯ ಕೂಲಿಯೇ ಮೇಲೆಂದು ನೇಕಾರರ ಮಕ್ಕಳಿಗೆ ಅನ್ನಿಸುವವರೆಗೆ, ಶಾಲು ಹೊದಿಸಿ ಮಾಡುವ ಸನ್ಮಾನದಿಂದ ಮಗ್ಗ ಉಳಿಯದು.

ಅವಧಿ ಹೆಚ್ಚಿಸಿದ್ದು ಕಲಿಕೆಗಾಗಿ. ಹೊಸದಾಗಿ ಕಲಿಯುವವರನ್ನು ಹಿರಿಯರ ಪಕ್ಕದಲ್ಲಿ ಕೂಡಿಸಿದ್ದೇವೆ; ಅವರ ಕೈ ಪಳಗುವವರೆಗೆ ಕೆಲಸ ನಿಧಾನವಾಗುತ್ತದೆ, ಅವರನ್ನು ಅವಸರಿಸಲು ನಮಗೆ ಮನಸ್ಸಿಲ್ಲ.

ಪಾಡ್ಯಕ್ಕೆ ಮುಂಚೆ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆ ಮತ್ತು ಹಳೆಯ ಅವಧಿಯೇ ಅನ್ವಯಿಸುತ್ತದೆ. ಮಾಘ ಮಾಸದ ಮದುವೆಗಳಿಗೆ ಸೀರೆ ಬೇಕಾದವರು ಬಣ್ಣ, ದಡಿ ಮತ್ತು ಅಳತೆಯನ್ನು ದೀಪಾವಳಿಯೊಳಗೆ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸದ,
ಕಾರ್ಯದರ್ಶಿ,
ಕೈಮಗ್ಗ ನೇಕಾರರ ಸಹಕಾರಿ ಸಂಘ