ನಮ್ಮ ರಾತ್ರಿಗಳನ್ನು ಹಂಚಿಕೊಂಡವರಿಗೆ

ತುಂಬಾ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಈಗ ಕೂತು ಬರೆಯುವಷ್ಟು ಬಿಡುವು ಸಿಕ್ಕಿದೆ. ಅಪ್ಪ ವಾಕರ್ ಹಿಡಿದು ಕೋಣೆಯ ಬಾಗಿಲವರೆಗೆ ನಡೆಯುತ್ತಿದ್ದಾರೆ. ಅಮ್ಮನ ಮರೆವು ವಾಸಿಯಾಗುವಂಥದ್ದಲ್ಲ, ಅದು ನಮಗೆ ಗೊತ್ತು. ಆದರೆ ಅವಳ ರಾತ್ರಿಗಳು ಮೊದಲಿನ ಹಾಗಿಲ್ಲ. ನಾವೂ ಮಲಗುತ್ತಿದ್ದೇವೆ. ಇದು ನಮ್ಮ ಕೈಯಿಂದಷ್ಟೇ ಆದದ್ದಲ್ಲ, ಅದಕ್ಕೇ ಈ ಬರಹ.

ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ಬಲಗಡೆಯ ಕೈಕಾಲು ಸೋತುಹೋಗಿತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತೆ, 2 ಗಂಟೆಗೊಮ್ಮೆ ತಿರುಗಿಸಿ ಅಂದಿದ್ದರು. ಹಗಲು ಹೇಗೋ ಆಗುತ್ತೆ. ರಾತ್ರಿ ಕಷ್ಟ. ನಿದ್ದೆಯ ಒಂದು ಸುತ್ತು ಮುಗಿಯೋಕೇ ಸುಮಾರು 90 ನಿಮಿಷ ಬೇಕು. ಎದ್ದು, ತಿರುಗಿಸಿ, ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಮುಂದಿನ ಅಲಾರಂ. ಇತ್ತ ಅಮ್ಮನಿಗೆ ಡಿಮೆನ್ಷಿಯಾ. ಹೊತ್ತು ಇಳಿಯುತ್ತಿದ್ದ ಹಾಗೆ ಗಲಿಬಿಲಿ ಶುರು. ತನ್ನದೇ ಮನೆಯಲ್ಲಿದ್ದುಕೊಂಡು, "ಮನೆಗೆ ಹೋಗೋಣ ನಡಿ" ಅಂತ ಬಾಗಿಲ ಚಿಲಕ ತೆಗೆಯುತ್ತಿದ್ದಳು. ನನ್ನ ಗಂಡ, ನಾನು, ಪರೀಕ್ಷೆಗೆ ಓದುತ್ತಿದ್ದ ಮಗಳು, ಮೂವರೂ ಬಳಲಿ ಬೆಂಡಾಗಿದ್ದೆವು. ಊಟದ ಹೊತ್ತಲ್ಲೂ ಯಾರೂ ಮಾತಾಡುತ್ತಿರಲಿಲ್ಲ.

ಮೊದಲ ಥ್ಯಾಂಕ್ಸ್ ಅಮ್ಮನನ್ನು ನೋಡುವ ಡಾಕ್ಟರಿಗೆ. ಅಮ್ಮನ ಬಗ್ಗೆ ಕೇಳಿ ಮುಗಿದ ಮೇಲೆ ಅವರು ಪೆನ್ನು ಕೆಳಗಿಟ್ಟು, "ನೀವು ಎಷ್ಟು ಹೊತ್ತು ಮಲಗ್ತೀರಿ?" ಅಂದರು. ಅಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆಮೇಲೆ ಒಂದು ಪ್ರಶ್ನೆಪಟ್ಟಿ ಕೊಟ್ಟರು. ನೋಡಿಕೊಳ್ಳುವವರ ಮೇಲೆ ಎಷ್ಟು ಹೊರೆ ಬಿದ್ದಿದೆ ಅಂತ ಅಳೆಯೋದಕ್ಕೆ 1980ರಲ್ಲಿ ಅಮೆರಿಕದ ಸ್ಟೀವನ್ ಜರಿಟ್ ಮತ್ತು ಜೊತೆಗಾರರು ಮಾಡಿದ್ದು. ಆಗ 29 ಪ್ರಶ್ನೆಗಳಿದ್ದವು, ಈಗ ಜಾಸ್ತಿ ಬಳಕೆಯಲ್ಲಿರುವುದು 22ರದ್ದು. ನಿಮಗೆ ಅಂತ ಸಮಯ ಉಳಿಯುತ್ತಿದೆಯಾ, ನಿಮ್ಮ ಆರೋಗ್ಯ ಕೆಡುತ್ತಿದೆ ಅನಿಸುತ್ತಾ, ಇಂಥವು. ನಮಗೆ ಆಗುತ್ತಿರುವುದನ್ನು ಯಾರೋ ಎಲ್ಲೋ ಎಷ್ಟೋ ವರ್ಷ ಹಿಂದೆಯೇ ಕೂತು ಯೋಚಿಸಿದ್ದಾರೆ ಅನ್ನುವುದೇ ನನಗೆ ದೊಡ್ಡ ಸಮಾಧಾನ ಕೊಟ್ಟಿತು.

ಮನೆಗೆ ಬಂದು ಕಲಿಸಿಕೊಟ್ಟ ನರ್ಸಮ್ಮನಿಗೆ ಎಷ್ಟು ಹೇಳಿದರೂ ಕಡಿಮೆ. ನಾವು ಅಪ್ಪನನ್ನು ತೋಳು ಹಿಡಿದು ಎಳೆಯುತ್ತಿದ್ದೆವು. ಅವರಿಗೂ ನೋವು, ನಮ್ಮ ಸೊಂಟವೂ ಹೋಗಿತ್ತು. ಆಕೆ ಒಂದು ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಅಪ್ಪನ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿದರು. ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಇಬ್ಬರೂ ಒಟ್ಟಿಗೆ ಎಳೆದರೆ ಅಪ್ಪ ಸಲೀಸಾಗಿ ಹೊರಳುತ್ತಿದ್ದರು. ಬೆನ್ನ ಹಿಂದೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಗಾಳಿ ತುಂಬಿ ಇಳಿಯುವ ಏರ್ ಬೆಡ್ ತರಿಸಿದ್ದೂ ಅವರೇ. ಏರ್ ಬೆಡ್ ಇದ್ದರೂ ತಿರುಗಿಸೋದನ್ನು ಬಿಡೋ ಹಾಗಿಲ್ಲ. ಆದರೆ ಕೆಲವು ವಾರ ಅಪ್ಪನ ಚರ್ಮವನ್ನು ಪರೀಕ್ಷಿಸಿದ ಮೇಲೆ, ರಾತ್ರಿ 4 ಗಂಟೆಗೊಮ್ಮೆ ಸಾಕು ಅಂದರು. ಆ ಮಾತು ಕೇಳಿ ನನ್ನ ಗಂಡ ಅಡುಗೆಮನೆಗೆ ಹೋಗಿ ಅತ್ತುಬಿಟ್ಟರು.

ಈಗ ನನ್ನ ತಮ್ಮ, ಅವನ ಹೆಂಡತಿ. ಇವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಹಾಯಕ್ಕೆ ಜನ ಬರುತ್ತಿದ್ದರು, ಅದು ನಿಜ. ಆದರೆ ಯಾವ ಮಾತ್ರೆ ಯಾವಾಗ, ಅಮ್ಮ ರೇಗಿದರೆ ಏನು ಹೇಳಿ ಸಮಾಧಾನ ಮಾಡಬೇಕು, ಅಪ್ಪ ಹೋದ ಸಲ ಯಾವ ಮಗ್ಗುಲಿಗಿದ್ದರು, ಎಲ್ಲ ನನ್ನ ತಲೆಯಲ್ಲೇ ಇತ್ತು. ಬಂದವರು ಕೂತರೂ ಪಕ್ಕದ ಕೋಣೆಯಿಂದ ನನ್ನ ಕಿವಿ ಅಲ್ಲೇ. ಮೈಗೆ ಬಿಡುವು ಸಿಕ್ಕರೂ ಮನಸ್ಸಿಗೆ ಇರಲಿಲ್ಲ. ಇವರಿಬ್ಬರೂ ಒಂದು ಪೂರ್ತಿ ದಿನ ನನ್ನ ಹಿಂದೆ ಸುತ್ತಿದರು. ನೋಡಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರೆದುಕೊಂಡರು. "ಅಮ್ಮ ಮನೆಗೆ ಹೋಗೋಣ ಅಂದರೆ ಇಲ್ಲ ಅನ್ನಬಾರದು, ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಬೇಕು" ಅನ್ನುವುದೂ ಅದರಲ್ಲಿತ್ತು. ಆಮೇಲೆ ತಮ್ಮ ಹೇಳಿದ: "ಶುಕ್ರವಾರ, ಶನಿವಾರ ರಾತ್ರಿ ನಮ್ಮದು. ನೀವು ಮೂವರೂ ಈ ಮನೆಯಲ್ಲಿ ಇರಬೇಡಿ." ಗೆಳತಿಯೊಬ್ಬಳು ಮನೆ ಬಿಟ್ಟುಕೊಟ್ಟಳು. ಆ ರಾತ್ರಿ ಮಲಗಿದ ನಿದ್ದೆಯನ್ನು ನಾನು ಮರೆಯೋದಿಲ್ಲ. ಅವತ್ತು ನನ್ನ ಬದಲು ಇನ್ನೊಬ್ಬರು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದರು.

ಆ ನೋಟ್‌ಬುಕ್ ಈಗ ಮನೆಯ ಎಲ್ಲರದ್ದು. ರಾತ್ರಿ ಬರುವ ಸಹಾಯಕಿ ಅದರಲ್ಲಿ ಒಂದು ದಿನ ಹೀಗೆ ಬರೆದಿದ್ದರು: "ಅಮ್ಮ ನಿನ್ನೆಯಿಂದ ಬೇರೆ ಥರ ಇದ್ದಾರೆ. ಹೆಸರು ಕರೆದರೂ ನೋಡುತ್ತಿಲ್ಲ. ಮೂತ್ರಕ್ಕೆ ಪದೇ ಪದೇ ಏಳುತ್ತಿದ್ದಾರೆ." ಮರೆವು ಜಾಸ್ತಿಯಾಗಿದೆ ಅಂತಲೇ ನಾವು ಸುಮ್ನಿರುತ್ತಿದ್ದೆವೇನೋ. ಮರೆವಿನ ಕಾಯಿಲೆ ನಿಧಾನವಾಗಿ ಬೆಳೆಯುವಂಥದ್ದು, ಒಂದೆರಡು ದಿನದಲ್ಲಿ ಹೀಗಾದರೆ ಬೇರೆ ಕಾರಣ ಹುಡುಕಬೇಕು ಅಂದರು ಡಾಕ್ಟರ್. ಮೂತ್ರದ ಸೋಂಕು ಆಗಿತ್ತು. ಔಷಧಿ ಕೊಟ್ಟಮೇಲೆ ಅಮ್ಮ ಮತ್ತೆ ನಮ್ಮ ಕಡೆ ನೋಡಿ ನಕ್ಕಳು. ಆ ಹೆಣ್ಣುಮಗಳ ಕಣ್ಣಿಗೆ, ಆ ಮೂರು ಸಾಲಿಗೆ ನಮ್ಮ ಮನೆ ಋಣಿ.

ಕೆಲಸದ ಹೊತ್ತನ್ನು ಬದಲಿಸಿಕೊಟ್ಟ ಆಫೀಸಿನವರಿಗೆ, ಹೇಳದೆ ಕೇಳದೆ ಔಷಧಿ ತಂದಿಟ್ಟು ಹೋಗುತ್ತಿದ್ದ ನೆರೆಯವರಿಗೆ, ಪೇಪರ್ ಓದಿ ಹೇಳೋಕೆ ತಪ್ಪದೆ ಬರುವ ಅಪ್ಪನ ಗೆಳೆಯರಿಗೆ ಥ್ಯಾಂಕ್ಸ್. ಓದಿನ ಮಧ್ಯೆ ಅಜ್ಜಿಯ ಪಕ್ಕ ಮಲಗುತ್ತಿದ್ದ ಮಗಳೇ, ನಿನಗೂ. ಮತ್ತೆ ಅಪ್ಪನಿಗೆ. ಮಾತು ಸರಿಯಾಗಿ ಹೊರಡದ ದಿನಗಳಲ್ಲೂ ಪ್ರತಿ ಸಲ ತಿರುಗಿಸಿದಾಗ ಎಡಗೈಯಿಂದ ನಮ್ಮ ಕೈ ಒತ್ತುತ್ತಿದ್ದರು.

ಎಲ್ಲರೂ ಇವರಿಬ್ಬರನ್ನು ನೋಡಬೇಕು ಅನ್ನುತ್ತಿದ್ದಿರಿ. ಇನ್ನು ಧಾರಾಳವಾಗಿ ಬನ್ನಿ. ಸಂಜೆ ಬೇಡ, ಬೆಳಿಗ್ಗೆ ಬನ್ನಿ, ಆಗ ಅಮ್ಮ ಗೆಲುವಾಗಿರುತ್ತಾಳೆ. "ನಾನು ಯಾರು ಹೇಳಿ" ಅಂತ ಮಾತ್ರ ಕೇಳಬೇಡಿ, ನಿಮ್ಮ ಹೆಸರು ನೀವೇ ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ. ಅಪ್ಪ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ, ಅವರಿಗೆ ಸ್ವಲ್ಪ ಟೈಮ್ ಕೊಡಿ.