ಕಬ್ಬನ್ ಪಾರ್ಕಿನ ಕಂಚಿನ ಕುದುರೆ ಬಗ್ಗೆ ವಾಕಿಂಗ್‌ನವರ ಮನವಿ

ಗೆ,
ಮಾನ್ಯ ಅಧಿಕಾರಿಗಳು, ತೋಟಗಾರಿಕೆ ಇಲಾಖೆ, ಬೆಂಗಳೂರು

ವಿಷಯ: ಮಾರ್ಕ್ ಕಬ್ಬನ್ ಪ್ರತಿಮೆಗೆ ಯಾವತ್ತೂ ಪೇಂಟ್ ಬೇಡ, ವರ್ಷಕ್ಕೊಂದ್ಸಲ ವ್ಯಾಕ್ಸ್ ಹಾಕ್ಸಿ, ಮಾಡಿದ ಶಿಲ್ಪಿ ಹೆಸರೂ ಬೋರ್ಡಲ್ಲಿ ಇರ್ಲಿ

ಮಾನ್ಯರೇ,

ನಾವು ದಿನಾ ಬೆಳಿಗ್ಗೆ ಪಾರ್ಕಿಗೆ ಬರೋ ಸುತ್ತಮುತ್ತಲಿನ ನಿವಾಸಿಗಳು. ಹೈಕೋರ್ಟ್ ಮುಂದೆ ಇದ್ದ ಕಂಚಿನ ಕುದುರೆ ಸವಾರ 2020ರ ಜೂನ್‌ನಲ್ಲಿ ಪಾರ್ಕ್ ಒಳಗೆ ಬಂದಾಗಿಂದ ನಮಗೆ ಅದು ಗುರುತಿನ ಜಾಗ ಆಗಿದೆ, "ಕುದುರೆ ಹತ್ರ ಸಿಗೋಣ" ಅಂತೀವಿ. ಮೈಸೂರು ಆಳಿದ ಬ್ರಿಟಿಷ್ ಕಮಿಷನರ್ ಕಬ್ಬನ್ ಮೂರ್ತಿ ನಮಗ್ಯಾಕ್ರೀ ಅನ್ನೋರು ನಮ್ಮಲ್ಲೇ ಇದಾರೆ, ಅದು ಬೇರೆ ಜಗಳ, ಆದ್ರೆ ಕುದುರೆ ಚೆನ್ನಾಗಿದೆ ಅನ್ನೋದ್ರಲ್ಲಿ ಮಾತ್ರ ಎಲ್ರೂ ಒಂದೇ.

ಮೊನ್ನೆ ಒಂದು ಮಗು ಇದನ್ನ ಯಾರು ಮಾಡಿದ್ದು ಅಂತ ಕೇಳ್ತು, ನಮ್ಮಲ್ಲೊಬ್ರು ಕಬ್ಬನ್ ಸಾಹೇಬ್ರೇ ಮಾಡಿಸಿ ನಿಲ್ಲಿಸ್ಕೊಂಡಿದ್ದು ಅಂದ್ಬಿಟ್ರು! ಅವರು 1861ರಲ್ಲೇ ಊರಿಗೆ ಹೋಗ್ತಾ ಸೂಯೆಜ್‌ನಲ್ಲಿ ತೀರ್ಕೊಂಡ್ರು, ಪ್ರತಿಮೆ ನಿಂತಿದ್ದು 1866ರಲ್ಲಿ, ಪಾರ್ಕ್ ಆಗಿದ್ದು 1870ರಲ್ಲಿ, ಎರಡನ್ನೂ ಅವರು ನೋಡೇ ಇಲ್ಲ. ಮಾಡಿದ್ದು ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಕಾರ್ಲೋ ಮರೊಚೆಟ್ಟಿ. ಲಂಡನ್ ಪಾರ್ಲಿಮೆಂಟ್ ಹೊರಗೆ ಕತ್ತಿ ಎತ್ಕೊಂಡು ಕುದುರೆ ಮೇಲಿರೋ ರಿಚರ್ಡ್ ರಾಜ ಇವರ ಕೈಯಿಂದಾನೇ ಬಂದಿದ್ದು, ಟ್ರಫಾಲ್ಗರ್ ಸ್ಕ್ವೇರಿನ ನಾಲ್ಕು ಸಿಂಹ ಡಿಸೈನ್ ಮಾಡಿದ್ದು ಲ್ಯಾಂಡ್‌ಸೀರ್ ಅನ್ನೋ ಚಿತ್ರಕಾರ ಆದ್ರೂ ಎರಕ ಹೊಯ್ದಿದ್ದು ಇವರೇ. ಟಿಕೆಟ್ ತಗೊಂಡು ಲಂಡನ್‌ಗೆ ಹೋಗಿ ಆ ಸಿಂಹದ ಮುಂದೆ ಸೆಲ್ಫಿ ತಗೋತೀವಿ, ಅದೇ ಕೈಯ ಕುದುರೆ ಇಲ್ಲೇ ಇರೋದು ಗೊತ್ತಿರಲ್ಲ. ಬೋರ್ಡಲ್ಲಿ ಕನ್ನಡದಲ್ಲಿ ಎರಡು ಸಾಲು ಸಾಕು.

ಇನ್ನು ಪೇಂಟ್ ವಿಷಯ, ಇದೇ ನಮ್ಮ ನಿಜವಾದ ಭಯ. ಬೇರೊಂದು ಪಾರ್ಕಲ್ಲಿ ಹಬ್ಬ ಬಂತು ಅಂತ ಒಳ್ಳೆ ಕಂಚಿನ ಮೂರ್ತಿಗೆ ಗೋಲ್ಡ್ ಪೇಂಟ್ ಬಳಿದು ಕಣ್ಣು ಮೂಗು ಎಲ್ಲಾ ಮೆತ್ತಿ ಹಾಕಿದ್ದು ನಾವೇ ನೋಡಿದೀವಿ. ಕಂಚು ಅಂದ್ರೆ ತಾಮ್ರಕ್ಕೆ ತವರ ಸೇರಿದ್ದು, ಗಾಳಿಮಳೆಗೆ ಕಪ್ಪಾಗಿ ಹಸಿರಾಗಿ ಆಮೇಲೆ ಒಂದು ಪದರ ಕಟ್ಟುತ್ತೆ, ಆ ಪದರಾನೇ ಒಳಗಿನ ಲೋಹನ ಎಷ್ಟೋ ಕಾಪಾಡುತ್ತೆ. ಅದನ್ನ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ ಥರ ಹೊಳೆಸ್ಬೇಕು ಅಂತ ಆಸಿಡ್ಡು, ತಂತಿ ಬ್ರಷ್ಷು ತಂದ್ರೆ ಪದರದ ಜೊತೆ ಶಿಲ್ಪಿ ಮಾಡಿರೋ ಸೂಕ್ಷ್ಮ ಗೆರೆಗಳೂ ಹೋಗ್ತವೆ. ಆದ್ರೆ ಹಕ್ಕಿ ಹಿಕ್ಕೆ ಹಾಗೇ ಬಿಡೋ ಹಾಗಿಲ್ಲ, ಅದು ಕಂಚನ್ನ ತಿನ್ನುತ್ತೆ, ಈಗಂತೂ ಮೂರ್ತಿ ಮರಗಳ ಮಧ್ಯೆ ಇದೆ.

ಅದಕ್ಕೇ ಕೇಳ್ತಿರೋದು, ಮಳೆಗಾಲಕ್ಕೆ ಮುಂಚೆ ಫೆಬ್ರವರಿ ಮಾರ್ಚ್ ಬಿಸಿಲಲ್ಲಿ ಹಳೇ ಮೂರ್ತಿ ಕಾಪಾಡೋ ಕೆಲಸ (ಕನ್ಸರ್ವೇಶನ್) ಗೊತ್ತಿರೋರ ಕೈಲಿ ಮೆತ್ತನೆ ಬ್ರಷ್, ಸೌಮ್ಯ ಸೋಪಿನ ನೀರಲ್ಲಿ ತೊಳೆಸಿ, ಪೂರ್ತಿ ಒಣಗಿದ ಮೇಲೆ ಮಳೆ, ಹಿಕ್ಕೆ ನೇರ ತಾಗದ ಹಾಗೆ ವ್ಯಾಕ್ಸ್ ಹಾಕ್ಸಿ. ಕೊಟೇಶನ್ ಕರೆಯುವಾಗ "ಪೇಂಟಿಂಗ್" ಅನ್ನೋ ಐಟಂ ದಯವಿಟ್ಟು ಸೇರಿಸ್ಬೇಡಿ.

ಭಾನುವಾರ ನಾವೇ ಬಕೆಟ್ ಹಿಡ್ಕೊಂಡು ಕುದುರೆ ಹತ್ತಲ್ಲ, ಹೆದರ್ಬೇಡಿ. ಬೋರ್ಡಿನ ಎರಡು ಸಾಲು ಬರ್ಕೊಂಡು ಬರ್ತೀವಿ, ಭೇಟಿಗೆ ಒಂದು ಟೈಮ್ ಕೊಡಿ.

ಇಂತಿ,
ಬೆಳಗಿನ ವಾಕಿಂಗ್ ನಿವಾಸಿಗಳು
(ಸಹಿಗಳು ಹಿಂದಿನ ಹಾಳೆಯಲ್ಲಿವೆ)